ವಿಕಿರಣ ಚಿಕಿತ್ಸೆಯಲ್ಲಿ ದತ್ತಿ ಪದಕ: ಯಾರಿಗೆ, ಯಾವ ಆಧಾರದ ಮೇಲೆ?

ಪ್ರಶ್ನೆ: ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ ನನ್ನ ಪತ್ನಿ ಕಳೆದ ವರ್ಷ ತೀರಿಕೊಂಡರು. ಅವರ ಹೆಸರಿನಲ್ಲಿ, ಚಿಕಿತ್ಸೆ ನೀಡಿದ ವೈದ್ಯಕೀಯ ಕಾಲೇಜಿನಲ್ಲಿಯೇ, ರೇಡಿಯೇಷನ್ ಆಂಕಾಲಜಿಯಲ್ಲಿ (ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನೀಡುವ ವಿಭಾಗ) ಅತಿ ಹೆಚ್ಚು ಅಂಕ ಗಳಿಸುವ ಎಂಬಿಬಿಎಸ್ ವಿದ್ಯಾರ್ಥಿಗೆ ಪ್ರತಿವರ್ಷ ಚಿನ್ನದ ಪದಕ ಕೊಡಲು ದತ್ತಿ ಇಡಬೇಕೆಂದಿದ್ದೇನೆ. ಷರತ್ತುಗಳನ್ನು ಹೇಗೆ ಬರೆಯಬೇಕು?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ‘ಅತಿ ಹೆಚ್ಚು ಅಂಕ’ ಎಂಬ ಷರತ್ತನ್ನು ಮೊದಲು ಕೈಬಿಡಿ. ಎಂಬಿಬಿಎಸ್ ಹಂತದಲ್ಲಿ ರೇಡಿಯೇಷನ್ ಆಂಕಾಲಜಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಪರೀಕ್ಷೆ ಇಲ್ಲ, ಅದು ಎಂ.ಡಿ.ಯಲ್ಲಿ ಆರಿಸಿಕೊಳ್ಳುವ ವಿಷಯ. ಇಲ್ಲದ ಪರೀಕ್ಷೆಗೆ ಇಟ್ಟ ಪದಕವು ಕೊನೆಗೆ ಸರ್ಜರಿಯಂಥ ಬೇರೆ ವಿಷಯದಲ್ಲಿ ಮೊದಲು ಬಂದವರ ಕೊರಳಿಗೆ ಬೀಳುತ್ತದೆ, ಅವರಿಗೋ ಅದು ನಾಲ್ಕನೆಯದೋ ಐದನೆಯದೋ ಆಗಿರುತ್ತದೆ.

ಅಂಕದ ಬದಲು ಕೆಲಸವನ್ನು ಗುರುತಿಸಿ. ಗರ್ಭಕಂಠದ ಕ್ಯಾನ್ಸರ್ ಚಿಕಿತ್ಸೆಯನ್ನೇ ನೋಡಿ: ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 5 ವಾರ ಹೊರಗಿನಿಂದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಕ್ಯಾನ್ಸರ್ ಔಷಧಿಯಾದ ಸಿಸ್‌ಪ್ಲಾಟಿನ್, ಬಳಿಕ ಬ್ರಾಕಿಥೆರಪಿ (ವಿಕಿರಣದ ಮೂಲವನ್ನು ದೇಹದೊಳಗೆ, ಗೆಡ್ಡೆಯ ಹತ್ತಿರವೇ ಇಟ್ಟು ಮಾಡುವ ಚಿಕಿತ್ಸೆ) ಕೊಡುತ್ತಾರೆ. ಇಷ್ಟೂ 8 ವಾರಗಳೊಳಗೆ ಮುಗಿಯಬೇಕೆಂಬುದು ವೈದ್ಯರು ಒಪ್ಪಿರುವ ಗುರಿ, ಏಕೆಂದರೆ ತಡವಾದಷ್ಟೂ ಗೆಡ್ಡೆ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತದೆ. ವಿಭಾಗದ ಚಿಕಿತ್ಸಾ ದಾಖಲೆಯಲ್ಲಿ ಯಾವ ದಿನ ಎಷ್ಟು ವಿಕಿರಣ ಕೊಟ್ಟರು, ಯಾವ ದಿನ ಕೊಡಲಿಲ್ಲ ಎಂಬುದು ದಿನಾಂಕದೊಂದಿಗೆ ಇರುತ್ತದೆ. ಒಬ್ಬ ವಿದ್ಯಾರ್ಥಿನಿ ನೈತಿಕ ಸಮಿತಿಯ ಅನುಮತಿ ಪಡೆದು, ಒಂದು ವರ್ಷದ ದಾಖಲೆಗಳನ್ನು ಓದಿ, ಎಷ್ಟು ಮಂದಿಯ ಚಿಕಿತ್ಸೆ 8 ವಾರ ಮೀರಿತು, ಮೀರಿದ್ದು ಯಂತ್ರ ಕೆಟ್ಟದ್ದರಿಂದಲೋ, ಹಿಮೋಗ್ಲೋಬಿನ್ ಇಳಿದದ್ದರಿಂದಲೋ, ಬಸ್ ಚಾರ್ಜಿಗೆ ದುಡ್ಡಿಲ್ಲದ್ದರಿಂದಲೋ ಎಂದು ಪಟ್ಟಿ ಮಾಡಿದರೆ, ಅದು ಪದಕಕ್ಕೆ ಅರ್ಹವಾದ ಸಾಧನೆ. ದುಬಾರಿ ಉಪಕರಣ ಬೇಡ, ತಾಳ್ಮೆ ಬೇಕು. ಇಂಥ ಕೆಲಸಕ್ಕೆ ದಾರಿಗಳೂ ಇವೆ: 2019ರ ಎಂಬಿಬಿಎಸ್ ಪಠ್ಯಕ್ರಮ ತಂದ ಐಚ್ಛಿಕ ತರಬೇತಿಯ ಅವಧಿ ಒಂದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ ಇನ್ನೊಂದು.

ಬಹುಮಾನ ಚಿನ್ನವೇ ಆಗಬೇಕಿಲ್ಲ. ಅಮೆರಿಕದ ರೇಡಿಯೇಷನ್ ಆಂಕಾಲಜಿ ಸಂಘವಾದ ಆಸ್ಟ್ರೋ ನಡೆಸಿದ ಒಂದು ಬೇಸಿಗೆ ಫೆಲೋಶಿಪ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಗೆ 8 ವಾರಗಳ ತರಬೇತಿಗೆ ಭತ್ಯೆಯನ್ನೂ ವಾರ್ಷಿಕ ಸಮ್ಮೇಳನಕ್ಕೆ ಹೋಗಿಬರುವ ಖರ್ಚನ್ನೂ ಕೊಡುತ್ತಿದ್ದರು. ನನಗೆ ಈ ಕ್ರಮವೇ ಹೆಚ್ಚು ಹಿಡಿಸುತ್ತದೆ. ನಮ್ಮಲ್ಲಿ ಸ್ನಾತಕೋತ್ತರ ಸೀಟು ಸಿಗುವುದು ನೀಟ್ ಪಿಜಿ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ. ಪದಕ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸಮ್ಮೇಳನದಲ್ಲಿ ತನ್ನ ಸಂಶೋಧನೆಯ ಪೋಸ್ಟರ್ ಮುಂದೆ ನಿಂತು ಹಿರಿಯ ತಜ್ಞರ ಪ್ರಶ್ನೆಗೆ ಉತ್ತರಿಸಿ ಬಂದವರು, ಮುಂದೆ ಸೀಟು ಆರಿಸುವಾಗ ಈ ವಿಷಯವನ್ನು ಬೇರೆ ಕಣ್ಣಿನಿಂದ ನೋಡಬಹುದು.

ಒಂದು ಷರತ್ತನ್ನು ಮಾತ್ರ ಬಿಗಿಯಾಗಿ ಬರೆಯಿರಿ: ಕೆಲಸದಲ್ಲಿ ವಿದ್ಯಾರ್ಥಿಯ ಪಾಲು ಎಷ್ಟು ಎಂಬುದನ್ನು ದಿನಾಂಕ ಸಹಿತ ದಿನಚರಿಯೂ ಮಾರ್ಗದರ್ಶಕರ ಸಹಿಯೂ ತೋರಿಸಬೇಕು. ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: ಷಿಕಾಗೋದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಎಮಿಲ್ ಗ್ರೂಬೆ, ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಸ್ತನ ಕ್ಯಾನ್ಸರ್ ರೋಗಿಯೊಬ್ಬರಿಗೆ ಅದರಿಂದ ಚಿಕಿತ್ಸೆ ಕೊಟ್ಟೆನೆಂದು ಹೇಳಿಕೊಂಡರು. ಆಗ ಅದನ್ನು ಪ್ರಕಟಿಸಿರಲಿಲ್ಲ. ಆ ಹಿರಿಮೆ ತನ್ನದೆಂಬ ವಾದವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮಂಡಿಸಿದ್ದು 1933ರಲ್ಲಿ, ಹಾಗಾಗಿ ಇತಿಹಾಸಕಾರರಲ್ಲಿ ಆ ಬಗ್ಗೆ ಸಂಶಯ ಉಳಿದಿದೆ.

ಬಹುಮಾನದ ಮೊತ್ತವನ್ನು ರೂಪಾಯಿಯಲ್ಲಿ ನಿಗದಿ ಮಾಡದೆ ‘ಆ ವರ್ಷದ ಬಡ್ಡಿ’ ಎಂದು ಬರೆಯಿರಿ, ಠೇವಣಿಯ ದರ ಇಳಿದಾಗ ಕಾಲೇಜಿಗೆ ತೊಂದರೆಯಾಗುವುದಿಲ್ಲ. ಅರ್ಹರು ಸಿಗದ ವರ್ಷ ಹಣ ಮುಂದಿನ ವರ್ಷಕ್ಕೆ ಹೋಗಲಿ. ಆಯ್ಕೆ ಸಮಿತಿಯಲ್ಲಿ ವಿಭಾಗದ ಮುಖ್ಯಸ್ಥರ ಜೊತೆಗೆ ಹೊರಗಿನ ಆಸ್ಪತ್ರೆಯ ತಜ್ಞರೊಬ್ಬರು ಇರುವಂತೆಯೂ ನೋಡಿಕೊಳ್ಳಿ.