ಫೋಟೋದಲ್ಲಿ ಕಂಡಿದ್ದು ಆಕಾಶದ್ದಾ, ಕ್ಯಾಮೆರಾದ್ದಾ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಜಾಸ್ತಿ ಮೈಸೂರು, ಮಂಡ್ಯ ಕಡೆಯವು, ಅದರಲ್ಲೂ ರಾತ್ರಿ ಆಕಾಶದ ಫೋಟೋ ಕಳಿಸಿ "ಇದೇನು ಹೇಳಿ" ಅಂತ ಕೇಳಿರೋವು. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಸರ್, ಹೋದ ತಿಂಗಳು ಶುಕ್ಲ ಪಕ್ಷದ ದಶಮಿ ದಿನ ತಾರಸಿ ಮೇಲಿಂದ ಫೋನಲ್ಲಿ ಚಂದ್ರನ ಫೋಟೋ ತೆಗೆದೆ. ಚಂದ್ರ ಬರೀ ಬೆಳ್ಳಗೆ ಬಂದಿದೆ, ಒಳಗೆ ಏನೂ ಕಾಣಲ್ಲ, ಆದ್ರೆ ಕೆಳಗಡೆ ಬಲಕ್ಕೆ ಹಸಿರು ಬಣ್ಣದ ಚಿಕ್ಕ ಚುಕ್ಕೆ ಇದೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಒಬ್ರು ಶುಕ್ರ ಅಂದ್ರು, ಇನ್ನೊಬ್ರು ಡ್ರೋನ್ ಅಂದ್ರು, ನನ್ನ ತಮ್ಮ ಏಲಿಯನ್ ಅಂತಾನೆ. ಝೂಮ್ ಮಾಡಿದ್ರೆ ಚುಕ್ಕೆ ಒಂದು ಕಡೆ ಸವೆದಿರೋ ಹಾಗೆ ಕಾಣುತ್ತೆ. ಏನದು?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಅದೂ ಚಂದ್ರನೇ ಮೇಡಂ, ನಿಮ್ಮ ಫೋನಿನ ಲೆನ್ಸ್ ಒಳಗೆ ಮೂಡಿರೋ ಚಂದ್ರನ ಪ್ರತಿಬಿಂಬ. ಫೋಟೋಗ್ರಾಫರ್‌ಗಳು ಇದನ್ನ ಘೋಸ್ಟ್ ಅಂತಾರೆ. ಫೋನಿನ ಲೆನ್ಸ್ ಅಂದ್ರೆ ಒಂದೇ ಗಾಜಲ್ಲ, ಚಿಕ್ಕ ಚಿಕ್ಕ ಮಸೂರಗಳು ಒಂದರ ಹಿಂದೆ ಒಂದು ಇರುತ್ತೆ. ಕೋಟಿಂಗ್ (ಪ್ರತಿಫಲನ ಕಮ್ಮಿ ಮಾಡೋ ತೆಳು ಲೇಪ) ಇಲ್ಲದ ಗಾಜಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಲ್ಲಿ ಸುಮಾರು ನೂರಕ್ಕೆ ನಾಲ್ಕು ಭಾಗ ವಾಪಸ್ ಕಳಿಸುತ್ತೆ, ಕೋಟಿಂಗ್ ಹಾಕಿದ್ರೆ ಅದು ತುಂಬಾ ಕಮ್ಮಿ ಆಗುತ್ತೆ ಆದ್ರೆ ಸೊನ್ನೆ ಆಗಲ್ಲ, ಆ ಉಳಿದ ಬೆಳಕು ಒಳಗೇ ಅತ್ತಿಂದಿತ್ತ ಬಡಿದು ಕೊನೆಗೆ ಸೆನ್ಸರ್ (ಚಿತ್ರ ಮೂಡೋ ಚಿಪ್) ಮೇಲೆ ಬೇರೆ ಜಾಗದಲ್ಲಿ ಬೀಳುತ್ತೆ. ಹಸಿರು ಬಣ್ಣ ಆ ಕೋಟಿಂಗ್‌ದು.

ನೀವು ಗಮನಿಸಿರೋ "ಸವೆದ" ಆಕಾರ ಇದೆಯಲ್ಲ, ಅದು ತುಂಬಾ ಒಳ್ಳೆ ಸಾಕ್ಷಿ. ಬಿಸಿಲು ಬಿದ್ದ ನೆಲದ ಫೋಟೋಗೆ ಎಷ್ಟು ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳೋ ಬೆಳಕು) ಬೇಕೋ ಹೆಚ್ಚುಕಮ್ಮಿ ಅಷ್ಟೇ ಚಂದ್ರನಿಗೂ ಸಾಕು, ಯಾಕಂದ್ರೆ ಅಲ್ಲಿ ಬಿದ್ದಿರೋದೂ ಬಿಸಿಲೇ. ಆದ್ರೆ ಫೋನು ಸುತ್ತ ಇರೋ ಕತ್ತಲು ನೋಡಿ ಎಕ್ಸ್‌ಪೋಶರ್ ಏರಿಸಿಬಿಡುತ್ತೆ, ಅದಕ್ಕೆ ನಿಜವಾದ ಚಂದ್ರ ಉರಿದು ಬಿಳಿ ಉಂಡೆ ಆಗ್ತಾನೆ. ಪ್ರತಿಬಿಂಬ ಸಾವಿರಾರು ಪಟ್ಟು ಮಂಕು, ಹಾಗಾಗಿ ಅದು ಸರಿಯಾದ ಬೆಳಕಲ್ಲಿ ಬಂದು ಆ ದಿನದ ಚಂದ್ರನ ಆಕಾರ ಅದರಲ್ಲೇ ಚೆನ್ನಾಗಿ ಕಾಣುತ್ತೆ, ತಲೆಕೆಳಗಾಗಿ. ನಿಮ್ಮ ಫೋಟೋ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಚಂದ್ರನಿಂದ ಚುಕ್ಕೆಗೆ ಗೆರೆ ಎಳೆದ್ರೆ ಅದು ಫೋಟೋದ ನಡುಮಧ್ಯ ಹಾದು ಹೋಗುತ್ತೆ, ಎರಡೂ ಕಡೆ ದೂರ ಸಮ. ಆಕಾಶದಲ್ಲಿರೋ ವಸ್ತುವಿಗೆ ನಿಮ್ಮ ಫೋಟೋದ ಮಧ್ಯ ಎಲ್ಲಿದೆ ಅಂತ ಗೊತ್ತಿರೋಕೆ ಸಾಧ್ಯ ಇಲ್ಲ. ಇವತ್ತೇ ಬೇಕಾದ್ರೆ ಪರೀಕ್ಷೆ ಮಾಡಿ, ಫೋನನ್ನ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸ್ತಾ ಸ್ಕ್ರೀನ್ ನೋಡಿ. ಚಂದ್ರ ಎಡಕ್ಕೆ ಹೋದ್ರೆ ಚುಕ್ಕೆ ಬಲಕ್ಕೆ ಓಡುತ್ತೆ, ಚಂದ್ರನ್ನ ಮಧ್ಯಕ್ಕೆ ತಂದ್ರೆ ಚುಕ್ಕೆ ಅವನೊಳಗೇ ಸೇರಿ ಮಾಯ ಆಗುತ್ತೆ. ಫ್ರೇಮ್ ಹೊರಗಿರೋ ಎಲ್‌ಇಡಿ ಬೀದಿದೀಪವೂ ಇಂಥದ್ದೇ ಕಲೆ ಮೂಡಿಸುತ್ತೆ, ಅದಕ್ಕೆ ಲೆನ್ಸ್ ಪಕ್ಕ ಕೈ ಅಡ್ಡ ಹಿಡಿದು ನೋಡಿ, ಕಲೆ ಹೋದ್ರೆ ಅದು ದೀಪದ್ದು.

ಶುಕ್ರ ಅಂದವರಿಗೆ ಪಂಚಾಂಗವೇ ಉತ್ತರ ಕೊಡುತ್ತೆ. ಒಂದು ತಿಥಿ ಅಂದ್ರೆ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯೋದು. ದಶಮಿ ಅಂದ್ರೆ 108ರಿಂದ 120 ಡಿಗ್ರಿ. ಶುಕ್ರ ಯಾವತ್ತೂ ಸೂರ್ಯನಿಂದ ಸುಮಾರು 47 ಡಿಗ್ರಿ ದಾಟಿ ಹೋಗಲ್ಲ. ಹಾಗಾಗಿ ಶುಕ್ಲ ಪಕ್ಷದ ಪಂಚಮಿ ಕಳೆದ ಮೇಲೆ, ಹುಣ್ಣಿಮೆ ಆಗಿ ಬಹುಳ ದಶಮಿ ಮುಗಿಯೋ ತನಕ, ಚಂದ್ರನ ಪಕ್ಕದಲ್ಲಿ ಶುಕ್ರ ಇರೋಕೆ ದಾರಿನೇ ಇಲ್ಲ. ಗುರು ಇರಬಹುದು, ಆದ್ರೆ ಗುರು ಬರಿಗಣ್ಣಿಗೇ ಹೊಳೀತಾ ಕಾಣ್ತಾನೆ, ಫೋನ್ ತಿರುಗಿಸಿದ್ರೆ ಓಡಾಡಲ್ಲ.

ಇದರಲ್ಲಿ ಮೋಸ ಹೋಗೋದು ನಾವು ಮಾತ್ರ ಅಲ್ಲ. 1672ರಲ್ಲಿ, ಆಮೇಲೆ 1686ರಲ್ಲಿ ಕ್ಯಾಸಿನಿಯಂಥ ದೊಡ್ಡ ಖಗೋಳಜ್ಞ ಶುಕ್ರನ ಪಕ್ಕ ಒಂದು ಚಿಕ್ಕ ಕಾಯ ನೋಡಿದ್ರು, ಅದರ ಆಕಾರ ಆಗ ಶುಕ್ರ ಕಾಣ್ತಿದ್ದ ಆಕಾರದ ಥರನೇ ಇದೆ ಅಂತ ಬರೆದ್ರು. ಅವರ ನಂತರ ಬೇರೆಯವರೂ ನೋಡಿದ್ವಿ ಅಂದ್ರು, ಶುಕ್ರನಿಗೂ ಒಬ್ಬ ಚಂದ್ರ ಇದಾನೆ ಅಂತ ಬಹಳ ಕಾಲ ಮಾತು ನಡೀತು. 1766ರಲ್ಲಿ ವಿಯೆನ್ನಾ ವೀಕ್ಷಣಾಲಯದ ಮ್ಯಾಕ್ಸಿಮಿಲಿಯನ್ ಹೆಲ್, ಶುಕ್ರನ ಬೆಳಕು ನೋಡೋರ ಕಣ್ಣಿಂದಲೇ ಪ್ರತಿಫಲಿಸಿ ಟೆಲಿಸ್ಕೋಪ್ ಒಳಗೆ ಹೋಗಿ ಇನ್ನೊಂದು ಬಿಂಬ ಆಗುತ್ತೆ ಅಂತ ವಿವರಿಸಿದ್ರು. ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ, 1887ರಲ್ಲಿ ಬೆಲ್ಜಿಯಂನ ಪಾಲ್ ಸ್ಟ್ರೂಬಾಂಟ್ ಹಳೇ ದಾಖಲೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ನೋಡಿದಾಗ, ಅದರಲ್ಲಿ ಹಲವು ಆಗ ಶುಕ್ರನ ಹತ್ತಿರ ಇದ್ದ ನಿಜವಾದ ನಕ್ಷತ್ರಗಳೇ ಅಂತ ತೋರಿಸಿದ್ರು. ಅಂದ್ರೆ ಕೆಲವು ಗಾಜಿನವು, ಕೆಲವು ಆಕಾಶದವು, ಒಂದೊಂದನ್ನೂ ಬೇರೆ ಬೇರೆ ಪರೀಕ್ಷೆ ಮಾಡಿದ್ಮೇಲೇ ಗೊತ್ತಾಗಿದ್ದು. ಮುಂದಿನ ಪ್ರಶ್ನೆಗೂ ಇದು ಬೇಕಾಗುತ್ತೆ.

ಪ್ರಶ್ನೆ: ಸರ್, ನಾನು ಬಿಎಸ್ಸಿ ಓದ್ತಿದೀನಿ. ಮೇ ಮೊದಲನೇ ವಾರ ಮೇಲುಕೋಟೆ ಬೆಟ್ಟದ ಮೇಲಿಂದ ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣಕ್ಕೆ ಕ್ಯಾಮೆರಾ ಇಟ್ಟು ತೆಗೆದೆ. 50 ಎಂಎಂ ಲೆನ್ಸ್, ಎಫ್ 2, ಐಎಸ್‌ಓ 1600, 6 ಸೆಕೆಂಡ್, ಬರೀ ಟ್ರೈಪಾಡ್. ತ್ರಿಶಂಕು ಪುಂಜದ ಮೇಲೆ, ವಸಿ ಎಡಕ್ಕೆ, ದುಂಡಗೆ ಮಂಜಾದ ಒಂದು ಮಚ್ಚೆ ಎಲ್ಲಾ ಫೋಟೋಲೂ ಇದೆ. ಫ್ರೆಂಡ್ಸು ಲೆನ್ಸಲ್ಲಿ ಧೂಳು, ಇಲ್ಲಾ ಇಬ್ಬನಿ, ಡಿಲೀಟ್ ಮಾಡು ಅಂತಾವ್ರೆ. ಮಾಡ್ಲಾ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ದಯವಿಟ್ಟು ಮಾಡಬೇಡಿ! ಅದು ಒಮೆಗಾ ಸೆಂಟಾರಿ, ಕಿನ್ನರ ಪುಂಜದಲ್ಲಿರೋ ಗೋಳಾಕಾರದ ನಕ್ಷತ್ರಗುಚ್ಛ, ಸುಮಾರು 17,000 ಜ್ಯೋತಿರ್ವರ್ಷ ದೂರ, ಒಂದು ಕೋಟಿಯಷ್ಟು ನಕ್ಷತ್ರಗಳು. ಹಿಂದೆ ಎಲ್ಲರೂ ಇದನ್ನ ಒಂದು ನಕ್ಷತ್ರ ಅಂತಲೇ ಪಟ್ಟಿ ಮಾಡಿದ್ರು, ಅದಕ್ಕೇ ನಕ್ಷತ್ರದ ಹೆಸರಿದೆ. 1677ರಲ್ಲಿ ಎಡ್ಮಂಡ್ ಹ್ಯಾಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ ಇದು ನಕ್ಷತ್ರದ ಥರ ಇಲ್ಲ ಅಂತ ಗುರುತಿಸಿದ್ರು. ಪ್ಯಾರಿಸ್‌ನಲ್ಲಿರೋರಿಗೆ ಇದು ದಿಗಂತದ ಮೇಲೆ ಬರೋದೇ ಇಲ್ಲ, ನಮಗೆ ಮೇಲುಕೋಟೆಯಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತೆ. ನಾವು 12 ಡಿಗ್ರಿ ಅಕ್ಷಾಂಶದಲ್ಲಿರೋದು ಎಷ್ಟು ದೊಡ್ಡ ಭಾಗ್ಯ ಅಂತ ನಮ್ಮ ಹುಡುಗರಿಗೆ ಯಾರೂ ಹೇಳಲ್ಲ, ಅದು ನನಗೆ ಬೇಜಾರು.

ಧೂಳು ಅಲ್ಲ ಅಂತ ಹೇಗೆ ಹೇಳೋದು ಅಂದ್ರೆ, ಸೆನ್ಸರ್ ಮೇಲಿನ ಧೂಳು ಬೆಳಕನ್ನ ತಡೆಯುತ್ತೆ, ಹಾಗಾಗಿ ಅದು ಕಪ್ಪು ಮಚ್ಚೆ ಆಗಬೇಕು, ಬಿಳಿ ಅಲ್ಲ. ಅದೂ ಎಫ್ 16ರಲ್ಲಿ, ಅಂದ್ರೆ ಲೆನ್ಸಿನ ಕಿಂಡಿ ಚಿಕ್ಕದಿದ್ದಾಗ ಎದ್ದು ಕಾಣುತ್ತೆ, ಕಿಂಡಿ ಅಗಲ ಇರೋ ಎಫ್ 2ರಲ್ಲಿ ಹೆಚ್ಚುಕಮ್ಮಿ ಕರಗಿ ಹೋಗುತ್ತೆ. ಇಬ್ಬನಿ ಕೂತ್ರೆ ಒಂದು ನಕ್ಷತ್ರ ಮಾತ್ರ ಮಂಜಾಗಲ್ಲ, ಎಲ್ಲಾ ನಕ್ಷತ್ರದ ಸುತ್ತಲೂ ಮಸುಕು ಬರುತ್ತೆ. ನಿಮ್ಮ ಫೋಟೋದಲ್ಲಿ ಪಕ್ಕದ ನಕ್ಷತ್ರಗಳು ಚುಕ್ಕೆ ಇಟ್ಟ ಹಾಗೆ ಚೂಪಾಗಿವೆ. ಇನ್ನೊಂದು, ಎಲ್ಲಕ್ಕಿಂತ ದೊಡ್ಡ ಪರೀಕ್ಷೆ: ಟ್ರೈಪಾಡ್ ಅಲುಗಾಡದೆ ನಿಂತಿದ್ರೂ ಆಕಾಶ ಸರೀತಾನೇ ಇರುತ್ತೆ, ಆ ಭಾಗದ ನಕ್ಷತ್ರಗಳು ಹತ್ತು ನಿಮಿಷಕ್ಕೆ ಸುಮಾರು ಒಂದೂವರೆ ಡಿಗ್ರಿಗಿಂತ ಜಾಸ್ತಿ, ಅಂದ್ರೆ ಮೂರು ಹುಣ್ಣಿಮೆ ಚಂದ್ರರನ್ನ ಸಾಲಾಗಿ ಇಟ್ಟಷ್ಟು ಬಲಕ್ಕೆ ಹೋಗಿರ್ತವೆ. ಮೊದಲನೇ ಫೋಟೋ, ಹತ್ತು ನಿಮಿಷ ಆದ್ಮೇಲಿನ ಫೋಟೋ ಎರಡನ್ನೂ ತೆರೆದು ನೋಡಿ. ಮಚ್ಚೆ ನಕ್ಷತ್ರಗಳ ಜೊತೆ ಸರಿದಿದ್ರೆ ಅದು ಆಕಾಶದ್ದು, ಫೋಟೋದ ಅದೇ ಜಾಗದಲ್ಲಿ ಕೂತಿದ್ರೆ ಕ್ಯಾಮೆರಾದ್ದು. ನಿಮ್ಮದು ಸರಿದಿದೆ. ಹೆಸರು ಪಕ್ಕಾ ಮಾಡ್ಕೊಳ್ಳೋಕೆ ಫೋಟೋನ ಆಸ್ಟ್ರೋಮೆಟ್ರಿ ಡಾಟ್ ನೆಟ್ ಅನ್ನೋ ವೆಬ್‌ಸೈಟ್‌ಗೆ ಹಾಕಿದ್ರೆ ಅದು ನಕ್ಷತ್ರಗಳ ಜೋಡಣೆ ನೋಡಿ ಯಾವ ಭಾಗ ಅಂತ ಹೇಳಿಬಿಡುತ್ತೆ, ಇಲ್ಲಾ ಸ್ಟೆಲೇರಿಯಮ್ ಅನ್ನೋ ಆಕಾಶ ನಕ್ಷೆಯ ಸಾಫ್ಟ್‌ವೇರ್‌ನಲ್ಲಿ ಆ ದಿನ, ಆ ಹೊತ್ತು, ಆ ಊರು ಕೊಟ್ಟು ಹೋಲಿಸಿ.

ಕ್ಯಾಮೆರಾ ದೋಷ ಅಂತ ಸುಮ್ನೆ ಅಳಿಸೋದು, ಏಲಿಯನ್ ಅಂತ ಸುಮ್ನೆ ನಂಬೋದು, ಎರಡೂ ಪರೀಕ್ಷೆ ಮಾಡದೇ ತೀರ್ಮಾನ ಮಾಡೋದೇ. ಆಂಡ್ರೊಮಿಡಾ ಗ್ಯಾಲಕ್ಸಿನ ಪ್ರಪಂಚದಲ್ಲಿ ಅದೆಷ್ಟು ಜನ ಫೋಟೋ ತೆಗೆದಿದಾರೋ ಲೆಕ್ಕ ಇಲ್ಲ, ಆದ್ರೂ ಅದರ ಪಕ್ಕದಲ್ಲೇ ಆಕ್ಸಿಜನ್ ಬೆಳಕಿನ ಒಂದು ದೊಡ್ಡ ಕಮಾನು ಇದೆ ಅಂತ ಗೊತ್ತಾಗಿದ್ದು ಹವ್ಯಾಸಿಗಳಿಂದ, ಸೇಂಟಿ, ಡ್ರೆಕ್ಸ್ಲರ್, ಸ್ಟ್ರಾಟ್ನರ್ ಅನ್ನೋ ಮೂವರಿಂದ, 2023ರ ಜನವರಿಯಲ್ಲಿ ಅದು ಪ್ರಕಟ ಆಯ್ತು. ಮೊದಮೊದಲು ಅವರಿಗೂ ಇದು ಫಿಲ್ಟರ್ ಪ್ರತಿಫಲನ ಇರಬಹುದಾ ಅನ್ನೋ ಅನುಮಾನ ಇತ್ತು. ಬೇರೆ ಟೆಲಿಸ್ಕೋಪ್, ಬೇರೆ ಕ್ಯಾಮೆರಾಗಳಲ್ಲೂ ಅದೇ ಜಾಗದಲ್ಲಿ ಬಂದ ಮೇಲೆ ಅನುಮಾನ ಹೋಯ್ತು.

ಪ್ರಶ್ನೆ: ಡಿಸೆಂಬರ್ ಜೆಮಿನಿಡ್ ಉಲ್ಕೆ ಮಳೆ ರಾತ್ರಿ ಊರಾಚೆ ಗದ್ದೆ ಬಯಲಲ್ಲಿ ತೆಗೆದ ಫೋಟೋಗಳನ್ನ ಸ್ಟ್ಯಾಕ್ ಮಾಡಿದೆ (ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಿದೆ). ಕೆಂಪು, ನೀಲಿ, ಹಸಿರು ಸಣ್ಣ ಗೆರೆಗಳು ನೂರಾರು ಬಂದಿವೆ. ಎಲ್ಲಾ ಉಲ್ಕೆನಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಅಲ್ಲ ಸರ್. ಎಲ್ಲಾ ಗೆರೆ ಒಂದೇ ಉದ್ದ, ಒಂದೇ ದಿಕ್ಕು ಇವೆ ನೋಡಿ. ಉಲ್ಕೆಗಳು ಮಿಥುನ ರಾಶಿ ಕಡೆಯಿಂದ ಬೇರೆ ಬೇರೆ ದಿಕ್ಕಿಗೆ ಚದುರಿದ ಹಾಗೆ ಕಾಣಬೇಕು. ಇವು ಹಾಟ್ ಪಿಕ್ಸೆಲ್, ಸೆನ್ಸರ್‌ನಲ್ಲಿ ಕೆಲವು ಪಿಕ್ಸೆಲ್ ಬೆಳಕು ಬೀಳದಿದ್ರೂ ಹೊಳೆಯುತ್ತೆ, ಸೆನ್ಸರ್ ಬಿಸಿ ಆದಷ್ಟೂ ಜಾಸ್ತಿ. ಸ್ಟ್ಯಾಕ್ ಮಾಡೋ ಸಾಫ್ಟ್‌ವೇರ್ ನಕ್ಷತ್ರಗಳನ್ನ ಒಂದರ ಮೇಲೊಂದು ಕೂರಿಸೋಕೆ ಪ್ರತಿ ಫ್ರೇಮನ್ನೂ ಸ್ವಲ್ಪ ಸ್ವಲ್ಪ ಜರುಗಿಸುತ್ತೆ, ಆಗ ಕದಲದೇ ಕೂತಿದ್ದ ಹಾಟ್ ಪಿಕ್ಸೆಲ್ ಗೆರೆ ಆಗುತ್ತೆ. ಮುಂದಿನ ಸಲ ಕ್ಯಾಮೆರಾ ಎತ್ತಿಡೋ ಮುಂಚೆ ಅಲ್ಲೇ, ಲೆನ್ಸ್ ಮುಚ್ಚಳ ಹಾಕಿ, ಅದೇ ಐಎಸ್‌ಓ, ಅದೇ ಸೆಕೆಂಡಿಗೆ ಹದಿನೈದಿಪ್ಪತ್ತು ಫೋಟೋ ತೆಗೀರಿ, ಇದೇ ಡಾರ್ಕ್ ಫ್ರೇಮ್. ಮನೆಗೆ ಬಂದು ತೆಗೆದ್ರೆ ಉಷ್ಣಾಂಶ ಬೇರೆ ಆಗಿಬಿಡುತ್ತೆ. ಡೀಪ್ ಸ್ಕೈ ಸ್ಟ್ಯಾಕರ್, ಸಿರಿಲ್ ಎರಡೂ ಉಚಿತ, ಎರಡರಲ್ಲೂ ಡಾರ್ಕ್ ಫ್ರೇಮಲ್ಲಿ ಬಂದ ಹಾಟ್ ಪಿಕ್ಸೆಲ್‌ಗಳನ್ನ ನಿಮ್ಮ ಫೋಟೋದಿಂದ ಕಳೆಯೋ ವ್ಯವಸ್ಥೆ ಇದೆ.

ನಿಜವಾದ ಉಲ್ಕೆ ಹುಡುಕಬೇಕಂದ್ರೆ ಸ್ಟ್ಯಾಕ್ ಬಿಟ್ಟು ಬಿಡಿ ಫೋಟೋಗಳನ್ನ ಒಂದೊಂದೇ ನೋಡಿ. ಉಲ್ಕೆ ಸಾಮಾನ್ಯವಾಗಿ ಒಂದೇ ಫ್ರೇಮಲ್ಲಿ ಇರುತ್ತೆ, ಎರಡು ತುದಿನೂ ಸಣ್ಣಗಾಗಿ ನಡುವೆ ದಪ್ಪ ಇರುತ್ತೆ. ಗೆರೆ ಮುಂದಿನ ಫ್ರೇಮಲ್ಲಿ ನಿಂತಲ್ಲಿಂದ ಮುಂದುವರಿದ್ರೆ ಅದು ಉಪಗ್ರಹ, ಗೆರೆ ಮೇಲೆ ಚುಕ್ಕೆ ಚುಕ್ಕೆ ಮಿಣುಕು ಇದ್ರೆ ವಿಮಾನ.

ಪ್ರಶ್ನೆ: ನಮ್ಮ ಶಾಲೆ ಮಕ್ಕಳು ಫೋಟೋಲಿ ನಕ್ಷತ್ರಕ್ಕೆ ನಾಲ್ಕು ಕೊಂಬು ಯಾಕೆ, ಕೆಲವಕ್ಕೆ ಆರು ಯಾಕೆ ಅಂತ ಕೇಳ್ತಾರೆ.
– ಶಿಕ್ಷಕಿ, ಪಾಂಡವಪುರ

ಉತ್ತರ: ಕೊಂಬು ಟೆಲಿಸ್ಕೋಪ್‌ದು ಟೀಚರ್. ಕನ್ನಡಿ ದೂರದರ್ಶಕದಲ್ಲಿ ಚಿಕ್ಕ ಕನ್ನಡಿನ ಹಿಡಿದಿಡೋ ತೆಳು ಪಟ್ಟಿಗಳ ಅಂಚಲ್ಲಿ ಬೆಳಕು ಬಾಗುತ್ತೆ, ಅಡ್ಡ ಉದ್ದ ನಾಲ್ಕು ಪಟ್ಟಿ ಇದ್ರೆ ನಾಲ್ಕು ಕೊಂಬು, ಮೂರು ಪಟ್ಟಿ ಇದ್ರೆ ಆರು. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ಫೋಟೋಲಿ ಆರು ದೊಡ್ಡದು, ಎರಡು ಚಿಕ್ಕದು ಇರುತ್ತೆ, ದೊಡ್ಡವು ಬರೋದಕ್ಕೆ ಅದರ ಷಟ್ಕೋನದ ಕನ್ನಡಿಗಳೇ ಮುಖ್ಯ ಕಾರಣ. ಮಕ್ಕಳಿಗೆ ಮಾಡಿ ತೋರಿಸಿ: ಕ್ಯಾಮೆರಾ ಲೆನ್ಸ್ ಮುಂದೆ ಎರಡು ಹೊಲಿಗೆ ದಾರನ ಪ್ಲಸ್ ಆಕಾರಕ್ಕೆ ಬಿಗಿದು ಲುಬ್ಧಕ ನಕ್ಷತ್ರದ ಫೋಟೋ ತೆಗೀರಿ, ಆಮೇಲೆ ದಾರನ ಗುಣಾಕಾರದ ಗುರುತಿನ ಹಾಗೆ ಓರೆ ಮಾಡಿ ಇನ್ನೊಂದು ತೆಗೀರಿ. ಎರಡನೇದರಲ್ಲಿ ಕೊಂಬುಗಳೂ ಓರೆ ಆಗಿರುತ್ತೆ.