ನರ್ಸ್‌ಗಳ ವಾರ್ಷಿಕ ಅಪ್ರೈಸಲ್: ಸ್ವಮೌಲ್ಯಮಾಪನದ ಕಾಲಂನಲ್ಲಿ ಏನು ಬರೆಯಬೇಕು?

ಮೆಡಿಕಲ್ ವಾರ್ಡಿನಲ್ಲಿ ಎರಡು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿರುವ ನೀವು ಕೇಳಿರುವುದು ಇಷ್ಟು: ಮೂರು ವಾರಗಳಲ್ಲಿ ನಿಮ್ಮ ಅಪ್ರೈಸಲ್ ಇದೆ, ಕಳೆದ ವರ್ಷ ಸ್ವಮೌಲ್ಯಮಾಪನದ ಕಾಲಂನಲ್ಲಿ "ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ಕೆಲಸ ಮಾಡಿದ್ದೇನೆ" ಎಂದು ಬರೆದಾಗ 5ಕ್ಕೆ 3 ಅಂಕ ಬಂದಿತ್ತು, ಈ ಬಾರಿ ಏನು ಬರೆಯಬೇಕು, ಆದ ತಪ್ಪನ್ನೂ ಬರೆಯಬೇಕೇ? ನಾನು ಮೈಸೂರಿನಲ್ಲಿ 16 ವರ್ಷಗಳಿಂದ ಈ ವೃತ್ತಿಯಲ್ಲಿದ್ದೇನೆ. ಕಳೆದ ಆರು ವರ್ಷಗಳಿಂದ ವಾರ್ಡ್ ಇನ್‌ಚಾರ್ಜ್ ಆಗಿ ಇತರರ ಫಾರಂಗಳನ್ನು ಓದಿ ಸಹಿ ಮಾಡುವ ಕೆಲಸವೂ ನನ್ನದೇ ಆಗಿರುವುದರಿಂದ, ಮೇಜಿನ ಎರಡೂ ಬದಿಯ ಅನುಭವದಿಂದ ಹೇಳುತ್ತೇನೆ.

ನೀವು ಬರೆದ ವಾಕ್ಯ ಸುಳ್ಳಲ್ಲ. ಆದರೆ ವಾರ್ಡಿನ ಇಪ್ಪತ್ತು ಜನರೂ ಅದನ್ನೇ ಬರೆದಿರುತ್ತಾರೆ, ಅದನ್ನು ಓದಿದ ಇನ್‌ಚಾರ್ಜ್‌ಗೆ ನಿಮ್ಮ ಬಗ್ಗೆ ಹೊಸದಾಗಿ ತಿಳಿಯುವುದು ಏನೂ ಇರುವುದಿಲ್ಲ. ಹಾಗಾಗಿ ಅವರು ಮಧ್ಯದ ಅಂಕ ಕೊಟ್ಟು ಮುಂದಿನ ಫಾರಂಗೆ ಹೋಗುತ್ತಾರೆ. ಗುಣವಾಚಕಗಳನ್ನು ಬಿಟ್ಟು ಘಟನೆಗಳನ್ನು ಬರೆಯಿರಿ ಎಂಬುದೇ ನಾನು ಕೊಡಬಹುದಾದ ಮುಖ್ಯ ಸಲಹೆ. ಒಂದು ಡ್ಯೂಟಿಯಲ್ಲಿ ನೀವು ಏನನ್ನು ಗಮನಿಸಿದಿರಿ, ಏನು ಮಾಡಿದಿರಿ, ಏಕೆ ಹಾಗೆ ಮಾಡಿದಿರಿ, ಅದಾದ ಮೇಲೆ ನಿಮ್ಮ ಕೆಲಸದ ರೀತಿಯಲ್ಲಿ ಏನು ಬದಲಾಯಿತು ಎಂಬುದನ್ನು ನಾಲ್ಕೈದು ಘಟನೆಗಳ ಮೂಲಕ ತೋರಿಸಿದರೆ ಸಾಕು.

ಮೊದಲ ತೊಡಕು ನೆನಪಿನದು. ಹನ್ನೆರಡು ತಿಂಗಳ ಕೆಲಸದಲ್ಲಿ ನಮಗೆ ಸ್ಪಷ್ಟವಾಗಿ ನೆನಪಿರುವುದು ಕೊನೆಯ ಒಂದೆರಡು ತಿಂಗಳು ಮಾತ್ರ. ಆದ್ದರಿಂದ ಮೊದಲು ವರ್ಷದ ಡ್ಯೂಟಿ ರೋಸ್ಟರ್‌ಗಳನ್ನು ಎದುರಿಗಿಟ್ಟುಕೊಂಡು ತಿಂಗಳು ತಿಂಗಳಾಗಿ ನೋಡುತ್ತಾ ಬನ್ನಿ. "ಜೂನ್‌ನಲ್ಲಿ ಡೆಂಗಿ ಕೇಸುಗಳಿಂದ ವಾರ್ಡ್ ತುಂಬಿತ್ತು, ಆಗ ಸತತ ನೈಟ್ ಡ್ಯೂಟಿ ಇತ್ತು" ಎಂದು ಒಂದು ಎಳೆ ಸಿಕ್ಕರೆ ಉಳಿದದ್ದು ತಾನಾಗಿಯೇ ನೆನಪಿಗೆ ಬರುತ್ತದೆ. ಹಾಜರಾದ ತರಬೇತಿಗಳ ಪ್ರಮಾಣಪತ್ರ, ಬಿಎಲ್‌ಎಸ್ (ತುರ್ತು ಜೀವರಕ್ಷಣೆಯ ತರಬೇತಿ) ಕಾರ್ಡು, ನೀವು ಸಲ್ಲಿಸಿದ ಇನ್ಸಿಡೆಂಟ್ ರಿಪೋರ್ಟ್ (ತಪ್ಪು ಅಥವಾ ಅವಘಡದ ಲಿಖಿತ ವರದಿ), ರೋಗಿಯ ಮನೆಯವರು ಬರೆದುಕೊಟ್ಟ ಮೆಚ್ಚುಗೆಯ ಚೀಟಿ ಇವೆಲ್ಲ ಒಂದೇ ಫೈಲಿನಲ್ಲಿರಲಿ. ನಿಮ್ಮ ಆಸ್ಪತ್ರೆಗೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಕೈ ತೊಳೆಯುವಿಕೆ, ಬೆಡ್‌ಸೋರ್, ರೋಗಿ ಬೀಳುವಿಕೆ ಮುಂತಾದವುಗಳ ಆಡಿಟ್ ಅಂಕಿಗಳು ವಾರ್ಡಿನಲ್ಲೇ ಸಿಗುತ್ತವೆ. ಅವುಗಳಲ್ಲಿ ನಿಮ್ಮ ಪಾಲು ಏನಿತ್ತು ಎಂದು ಯೋಚಿಸಿ. ಒಂದು ಎಚ್ಚರಿಕೆ: ಎಲ್ಲಿ ಬರೆದರೂ ರೋಗಿಯ ಹೆಸರು, ಐಪಿ (ಒಳರೋಗಿ) ನಂಬರು, ಬೆಡ್ ನಂಬರು ಬರೆಯಬೇಡಿ, ಕೇಸ್‌ಶೀಟಿನ ಫೋಟೋ ತೆಗೆದಿಡಬೇಡಿ. "ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಒಬ್ಬ ರೋಗಿ" ಎಂದರೆ ಸಾಕಾಗುತ್ತದೆ.

ಆತ್ಮಾವಲೋಕನ ಎಂದರೆ ಏನೆಂದು ನನಗೆ ಅರ್ಥವಾದದ್ದು ನನ್ನ ಸೇವೆಯ ನಾಲ್ಕನೆಯ ವರ್ಷದಲ್ಲಿ. ಬೆಳಗಿನ ಆರೂವರೆಯ ಸಮಯ, ತಿಂಡಿಗೆ ಮುಂಚಿನ ಇನ್ಸುಲಿನ್ ಕೊಡಬೇಕಿತ್ತು, ಆದೇಶ 16 ಯೂನಿಟ್. ನಮ್ಮ ವಾರ್ಡಿಗೆ ಸಾಮಾನ್ಯವಾಗಿ ಬರುತ್ತಿದ್ದದ್ದು ಮಿಲಿಲೀಟರಿಗೆ 40 ಯೂನಿಟ್‌ನ ವಯಲ್ (ಔಷಧಿಯ ಸಣ್ಣ ಸೀಸೆ). ಅಂದು ದಾಸ್ತಾನು ಮುಗಿದು ಫಾರ್ಮಸಿಯಿಂದ ಮಿಲಿಲೀಟರಿಗೆ 100 ಯೂನಿಟ್‌ನ ವಯಲ್ ಬಂದಿತ್ತು. ನಾನು ಅಭ್ಯಾಸದಂತೆ ಟ್ರೇಯಲ್ಲಿದ್ದ ಕೆಂಪು ಕ್ಯಾಪಿನ, ಅಂದರೆ 40ರ ಸಿರಿಂಜಿನಲ್ಲಿ 16ರ ಗೆರೆಯವರೆಗೆ ಎಳೆದಿದ್ದೆ. ಆ ಗೆರೆಯವರೆಗೆ 0.4 ಮಿಲಿಲೀಟರ್ ಬರುತ್ತದೆ. ಆ ವಯಲ್‌ನಿಂದ ಎಳೆದಾಗ ಅದು 40 ಯೂನಿಟ್, ಆದೇಶದ ಎರಡೂವರೆ ಪಟ್ಟು. ಡಬಲ್ ಚೆಕ್‌ಗೆ ಬಂದ ಸಹೋದ್ಯೋಗಿ ಲೇಬಲ್ ಓದಿ ನನ್ನ ಕೈ ಹಿಡಿದರು. ರೋಗಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ತಿಂಡಿಯ ಹೊತ್ತಿನವರೆಗೂ ನಡುಗುತ್ತಿತ್ತು.

ಆ ವರ್ಷದ ಫಾರಂನಲ್ಲಿ ನಾನು ಈ ಘಟನೆಯನ್ನು ಬರೆದು, ಕೊನೆಗೆ "ಇನ್ನು ಮುಂದೆ ಹೆಚ್ಚು ಎಚ್ಚರಿಕೆಯಿಂದ ಇರುತ್ತೇನೆ" ಎಂದು ಸೇರಿಸಿದ್ದೆ. ಆಗಿನ ಇನ್‌ಚಾರ್ಜ್ ಸಿಸ್ಟರ್ ಆ ಸಾಲಿನ ಕೆಳಗೆ ಗೆರೆ ಎಳೆದು ಕೇಳಿದರು: "ಎಚ್ಚರಿಕೆ ಅಂದ್ರೆ ನಾಳೆ ಬೆಳಗ್ಗೆ ಆರೂವರೆಗೆ ಏನ್ ಮಾಡ್ತೀಯ, ಅದನ್ನ ಬರಿ." ಉತ್ತರಿಸಲು ನನಗೆ ಎರಡು ದಿನ ಬೇಕಾಯಿತು. ರಾತ್ರಿಯಿಡೀ ನಿಂತ ದಣಿವಿನಲ್ಲಿ ನನ್ನ ಕಣ್ಣು ಲೇಬಲ್‌ಗಿಂತ ಅಭ್ಯಾಸವನ್ನು ನಂಬಿತ್ತು. ಎರಡು ಬಗೆಯ ಸಿರಿಂಜುಗಳೂ ಒಂದೇ ಟ್ರೇಯಲ್ಲಿದ್ದವು. ವಯಲ್ ಬದಲಾದದ್ದನ್ನು ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಯಾರೂ ಹೇಳಿರಲಿಲ್ಲ. ಆಮೇಲೆ ಬರೆದದ್ದು ಹೀಗಿತ್ತು: ವಯಲ್ ಮತ್ತು ಅದಕ್ಕೆ ಹೊಂದುವ ಸಿರಿಂಜನ್ನು ಒಂದೇ ಡಬ್ಬಿಯಲ್ಲಿ ಇಡುವುದು, ಡಬಲ್ ಚೆಕ್ ಮಾಡುವಾಗ ಯೂನಿಟ್ ಜೊತೆಗೆ ವಯಲ್‌ನ ಸಾಮರ್ಥ್ಯವನ್ನೂ ಗಟ್ಟಿಯಾಗಿ ಹೇಳುವುದು, ಔಷಧಿಯ ಬ್ರಾಂಡಾಗಲಿ ಪ್ರಮಾಣವಾಗಲಿ ಬದಲಾದರೆ ಹ್ಯಾಂಡೋವರ್ ಪುಸ್ತಕದಲ್ಲಿ ದಾಖಲಿಸುವುದು. ಈ ಮೂರನ್ನೂ ನಮ್ಮ ವಾರ್ಡು ಒಪ್ಪಿಕೊಂಡಿತು. ಆ ವರ್ಷ ನನಗೆ ಬಂದ ಅಂಕ ಎಷ್ಟೆಂದು ಈಗ ನೆನಪಿಲ್ಲ, ಆದರೆ ಕಿರಿಯರಿಗೆ ಇನ್ಸುಲಿನ್ ಕೊಡುವುದನ್ನು ಕಲಿಸುವ ಜವಾಬ್ದಾರಿ ಮುಂದಿನ ವರ್ಷ ನನಗೇ ಬಂತು.

ಬರೆಯಲು ಚೌಕಟ್ಟು ಬೇಕೆನಿಸಿದರೆ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆತ್ಮಾವಲೋಕನದ ಆರು ಹಂತಗಳ ಚಕ್ರವನ್ನು ನರ್ಸಿಂಗ್ ಶಿಕ್ಷಣದಲ್ಲಿ ಹೆಚ್ಚಾಗಿ ಬಳಸುತ್ತಾರೆ: ನಡೆದದ್ದರ ವಿವರಣೆ, ಆಗ ಮನಸ್ಸಿಗೆ ಅನಿಸಿದ್ದು, ಒಳಿತು ಕೆಡುಕುಗಳ ತೂಕ, ಕಾರಣಗಳ ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದವರಿಗೆ ಆರು ಹಂತ ಭಾರವೆನಿಸಿದರೆ, ಏನಾಯಿತು, ಅದರಿಂದ ನನಗೆ ತಿಳಿದದ್ದೇನು, ಈಗ ಏನು ಮಾಡುತ್ತೇನೆ ಎಂಬ ಮೂರು ಪ್ರಶ್ನೆಗಳು ಸಾಕು. ನಾನು ಓದುವ ಫಾರಂಗಳಲ್ಲಿ ಮುಕ್ಕಾಲು ಪಾಲು ವಿವರಣೆಗೇ ಮೀಸಲಾಗಿ ಯೋಜನೆಗೆ ಒಂದು ಸಾಲು ಉಳಿದಿರುತ್ತದೆ. ನೀವು ವಿವರಣೆಯನ್ನು ಮೂರು ಸಾಲಿಗೆ ಇಳಿಸಿ. ಮನಸ್ಸಿಗೆ ಅನಿಸಿದ್ದನ್ನು ಬರೆಯಲು ನಮ್ಮವರು ಸಂಕೋಚ ಪಡುತ್ತಾರೆ. ಆದರೆ "ಗಡಿಬಿಡಿಯಲ್ಲಿದ್ದೆ", "ಹಿರಿಯ ವೈದ್ಯರನ್ನು ಕೇಳಲು ಹೆದರಿದೆ" ಎಂಬ ಸಾಲುಗಳಲ್ಲೇ ಎಷ್ಟೋ ಬಾರಿ ನಿಜವಾದ ಕಾರಣ ಇರುತ್ತದೆ.

ಎಲ್ಲ ಘಟನೆಗಳೂ ತಪ್ಪಿನ ಕಥೆಗಳೇ ಆಗಬೇಕಿಲ್ಲ. ನಮ್ಮ ವಾರ್ಡಿನ ಒಬ್ಬ ಕಿರಿಯ ನರ್ಸ್ ಬರೆದದ್ದು ನನಗೆ ತುಂಬ ಹಿಡಿಸಿತು. ಡಿಸ್ಚಾರ್ಜ್ ಆಗುತ್ತಿದ್ದ ಅಜ್ಜಿಯೊಬ್ಬರಿಗೆ ಅವರು "ರಾತ್ರಿ ಊಟ ಆದ ಮೇಲೆ ಬಿಪಿ ಮಾತ್ರೆ" ಎಂದು ಹೇಳಿ ಕಳಿಸಿದ್ದರು. ಮರುತಪಾಸಣೆಗೆ ಬಂದಾಗ ಬಿಪಿ ಏರಿತ್ತು. ವಿಚಾರಿಸಿದರೆ, ಅಜ್ಜಿ ಸೋಮವಾರ ಮತ್ತು ಶನಿವಾರ ಒಪ್ಪತ್ತು ಮಾಡುವವರು. ಆ ರಾತ್ರಿಗಳಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ತಿನ್ನುತ್ತಿದ್ದರು, ಅನ್ನ ತಿನ್ನದಿದ್ದರೆ ಅದು ಅವರ ಲೆಕ್ಕದಲ್ಲಿ ಊಟವಲ್ಲ, ಊಟವಿಲ್ಲದ ದಿನ ಮಾತ್ರೆಯೂ ಇಲ್ಲ. ಅಂದಿನಿಂದ ಆ ನರ್ಸ್ ಊಟದ ಬದಲು ಗಂಟೆಯನ್ನು ಹೇಳುತ್ತಾರೆ, ಉಪವಾಸ ಉಂಟೇ ಎಂದು ಕೇಳುತ್ತಾರೆ, ಕೊನೆಗೆ "ಈಗ ನೀವು ನನಗೆ ಹೇಳಿ ನೋಡೋಣ" ಎಂದು ರೋಗಿಯ ಬಾಯಿಂದಲೇ ಹೇಳಿಸುತ್ತಾರೆ. "ರೋಗಿಗಳೊಂದಿಗೆ ಉತ್ತಮ ಸಂವಹನ ಕೌಶಲ್ಯವಿದೆ" ಎಂಬ ಸಾಲಿನಿಂದ ನನಗೆ ಇದ್ಯಾವುದೂ ತಿಳಿಯುತ್ತಿರಲಿಲ್ಲ.

ತಪ್ಪನ್ನು ಬರೆದರೆ ಇನ್‌ಕ್ರಿಮೆಂಟಿಗೆ ಕುತ್ತು ಬರುತ್ತದೆಯೇ ಎಂಬ ನಿಮ್ಮ ಭಯ ಆಧಾರವಿಲ್ಲದ್ದಲ್ಲ. ಎಲ್ಲ ಕಡೆಯೂ ವಾತಾವರಣ ಒಂದೇ ರೀತಿ ಇರುವುದಿಲ್ಲ. ನಾನು ಪಾಲಿಸುವ ನಿಯಮ ಹೀಗಿದೆ: ಇನ್ಸಿಡೆಂಟ್ ರಿಪೋರ್ಟ್ ಆಗಿರುವ ಘಟನೆಯನ್ನು ಧೈರ್ಯವಾಗಿ ಬರೆಯಿರಿ, ಏಕೆಂದರೆ ಅದು ಅವರಿಗೆ ಈಗಾಗಲೇ ಗೊತ್ತಿದೆ, ನೀವು ಅದರಿಂದ ಕಲಿತದ್ದು ಮಾತ್ರ ಗೊತ್ತಿಲ್ಲ. ವರದಿಯಾಗದ ಘಟನೆ ಇದ್ದರೆ ಅದಕ್ಕೆ ಅಪ್ರೈಸಲ್ ಫಾರಂ ಸರಿಯಾದ ಜಾಗವಲ್ಲ. ಮೊದಲು ಅದನ್ನು ವರದಿ ಮಾಡಿ. ಸಿಬ್ಬಂದಿ ಕೊರತೆಯಿಂದ ಆದದ್ದನ್ನು ನಿಮ್ಮ ಮೇಲೆ ಎಳೆದುಕೊಳ್ಳಲೂಬೇಡಿ. "ಆ ರಾತ್ರಿ 14 ರೋಗಿಗಳಿಗೆ ನಾನೊಬ್ಬಳೇ ಇದ್ದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಒಂದು ಸಲ ತಪ್ಪಿತು, ಬೆಳಿಗ್ಗೆ ಸೂಪರ್‌ವೈಸರ್‌ಗೆ ತಿಳಿಸಿದೆ" ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ.

ಈ ಬರವಣಿಗೆಯ ಅಭ್ಯಾಸ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿಗೆ ಹೋಗಿರುವ ನಮ್ಮ ನರ್ಸ್‌ಗಳು ಅಲ್ಲಿನ ನೋಂದಣಿಯನ್ನು ಮೂರು ವರ್ಷಕ್ಕೊಮ್ಮೆ ಮುಂದುವರಿಸಲು ಇಂಥದ್ದೇ ಐದು ಲಿಖಿತ ಟಿಪ್ಪಣಿಗಳನ್ನು ಸಿದ್ಧಪಡಿಸಿ, ನೋಂದಾಯಿತ ಸಹೋದ್ಯೋಗಿಯೊಬ್ಬರೊಂದಿಗೆ ಕುಳಿತು ಚರ್ಚಿಸಬೇಕು. 2016ರಿಂದ ಅಲ್ಲಿ ಈ ಪದ್ಧತಿಯಿದೆ. ನೀವೂ ಫಾರಂ ಕೊಡುವ ಮುನ್ನ ನಂಬಿಕೆಯ ಒಬ್ಬ ಸಹೋದ್ಯೋಗಿಗೆ ಓದಿ ಹೇಳಿ. ನಿಮ್ಮ ಒಳ್ಳೆಯ ಕೆಲಸದಲ್ಲಿ ನೀವು ಮರೆತದ್ದನ್ನು ಅವರೇ ನೆನಪಿಸುತ್ತಾರೆ.

ಮುಂದಿನ ವರ್ಷದ ಗುರಿಗಳು ಎರಡೇ ಇರಲಿ, ಅವುಗಳಿಗೆ ತಿಂಗಳೂ ಇರಲಿ. "ಇಸಿಜಿ ಕಲಿಯಬೇಕು" ಎನ್ನುವ ಬದಲು "ಆಗಸ್ಟ್ ಒಳಗೆ ಐಸಿಯುನಲ್ಲಿ ಹದಿನೈದು ದಿನ ಪೋಸ್ಟಿಂಗ್ ಕೊಟ್ಟರೆ ಇಸಿಜಿ ಗುರುತಿಸುವುದನ್ನು ಕಲಿಯುತ್ತೇನೆ" ಎಂದರೆ ಇನ್‌ಚಾರ್ಜ್ ಕೂಡ ಒಂದು ಹೊಣೆ ಹೊತ್ತುಕೊಂಡಂತಾಗುತ್ತದೆ. ಸಭೆಯಲ್ಲಿ ಅವರು ಕೊಟ್ಟ ಅಂಕ ಒಪ್ಪಿಗೆಯಾಗದಿದ್ದರೆ "ಯಾವ ಸಂದರ್ಭ ನೋಡಿ ಹೀಗೆ ಅನಿಸಿತು ಸಿಸ್ಟರ್?" ಎಂದು ಶಾಂತವಾಗಿ ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ, ನಿಮ್ಮ ಅಭಿಪ್ರಾಯವನ್ನು ಉದ್ಯೋಗಿಯ ಷರಾ ಕಾಲಂನಲ್ಲಿ ಬರೆದ ನಂತರವೇ ಸಹಿ ಮಾಡಿ. ಸಹಿಯಾದ ಪ್ರತಿಯೊಂದನ್ನು ಕೇಳಿ ಪಡೆದು ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ನೀವು ಮೊದಲು ತೆರೆಯಬೇಕಾದ ಹಾಳೆ ಅದೇ.