ಶುಕ್ರನ ಮೋಡದಲ್ಲಿ ತೇಲುವ ಮನೆಗೆ ತೂತು ಬಿದ್ದರೆ?

ಪ್ರಶ್ನೆ: ಶುಕ್ರ ಗ್ರಹದ ಮೋಡಗಳ ನಡುವೆ ಬಲೂನಿನಂಥ ಮನೆಯಲ್ಲಿ ಬದುಕಬಹುದಂತೆ. ಅಷ್ಟೊಂದು ಹೀಲಿಯಂ ಎಲ್ಲಿಂದ ತರುವುದು? ತೂತು ಬಿದ್ದರೆ ಎಲ್ಲರೂ ಒಂದೇ ಏಟಿಗೆ ಕೆಳಗೆ ಬೀಳುವುದಿಲ್ಲವೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಹೀಲಿಯಂ ಬೇಕಿಲ್ಲ. ಶುಕ್ರನ ವಾತಾವರಣದಲ್ಲಿ ಶೇ. 96ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್. ನಾವು ಉಸಿರಾಡುವ ಗಾಳಿ ಅದಕ್ಕಿಂತ ಹಗುರ. ಮನೆಯೊಳಗಿನ ಗಾಳಿಯೇ ಮನೆಯನ್ನು ಎತ್ತಿ ಹಿಡಿಯುತ್ತದೆ. ನೆಲದಲ್ಲಿ 460 ಡಿಗ್ರಿ ಸೆಲ್ಸಿಯಸ್ ಉರಿ ಇದ್ದರೂ 55 ಕಿ.ಮೀ. ಎತ್ತರದಲ್ಲಿ ಸುಮಾರು 27 ಡಿಗ್ರಿ, ನಮ್ಮ ಬೆಂಗಳೂರಿನ ಹಿತವಾದ ಮಧ್ಯಾಹ್ನದ ಹಾಗೆ. ಒತ್ತಡ ಮಾತ್ರ ಸಮುದ್ರಮಟ್ಟದ ಅರ್ಧದಷ್ಟು. ಹಾಗಾಗಿ ಒಳಗಿನ ಆಮ್ಲಜನಕವನ್ನು ಶೇ. 21ರಿಂದ 40ರ ಆಸುಪಾಸಿಗೆ ಏರಿಸಬೇಕು. ಬೆಂಕಿಯ ಭಯವೂ ಜೊತೆಗೇ ಏರುತ್ತದೆ.

ಅಲ್ಲಿ ಒಂದು ಘನ ಮೀಟರ್ ಗಾಳಿ ಹೊರುವುದು ಸುಮಾರು 300 ಗ್ರಾಂ. ಚೀಲವೂ ಸೇರಿ 50 ಟನ್ ತೂಗುವ ಮನೆಗೆ 68 ಮೀಟರ್ ವ್ಯಾಸದ ಗೋಳ ಬೇಕು. 50 ಕಿ.ಮೀ.ಗೆ ಇಳಿದರೆ ಹೊರಗಿನ ಗಾಳಿ ದಟ್ಟ, 57 ಮೀಟರ್ ಸಾಕು. ಆದರೆ ಸೆಕೆ 75 ಡಿಗ್ರಿ!

ಇನ್ನು ತೂತು. ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಲೂನು ಢಮಾರ್ ಎನ್ನುವುದಿಲ್ಲ. ತಳದಲ್ಲಿ ತೂತಾದರೆ ಹಗುರ ಗಾಳಿ ಹೊರಬರುವುದೇ ಅಪರೂಪ. ನೆತ್ತಿಯಲ್ಲಿ 10 ಸೆಂ.ಮೀ. ಅಗಲದ ತೂತಾದರೆ ಗಂಟೆಗೆ ಸುಮಾರು 400 ಘನ ಮೀಟರ್ ಸೋರಿ, ಹೊರುವ ಶಕ್ತಿ 120 ಕೆ.ಜಿ.ಯಷ್ಟು ತಗ್ಗುತ್ತದೆ. ತೇಪೆ ಹಾಕಲು ಬೇಕಾದಷ್ಟು ಹೊತ್ತಿದೆ. ಹಾಗೆಂದು ಸುಮ್ಮನಿರುವಂತಿಲ್ಲ. ಚೀಲ ಸಡಿಲವಾಗಿದ್ದರೆ, ಇಳಿದಂತೆಲ್ಲ ಒಳಗಿನ ಗಾಳಿಯೂ ಕುಗ್ಗುವುದರಿಂದ ಕೆಳಗಿನ ದಟ್ಟ ಗಾಳಿ ಅದನ್ನು ತಡೆದು ನಿಲ್ಲಿಸುವುದಿಲ್ಲ. ಭಾರ ಎಸೆಯುವ ತನಕ, ಇಲ್ಲವೇ ಹೊಸ ಗಾಳಿ ತುಂಬುವ ತನಕ ಇಳಿಯುತ್ತಲೇ ಇರುತ್ತದೆ, ಕಿಲೋಮೀಟರಿಗೆ 10 ಡಿಗ್ರಿಯಂತೆ ಕಾಯುತ್ತ. ಹಿಗ್ಗದ, ಬಿಗಿಯಾಗಿ ತುಂಬಿದ ಚೀಲಕ್ಕೆ ಈ ಪೀಡೆ ಕಡಿಮೆ, ಆದರೆ ಒಳಗಿನ ಒತ್ತಡ ಹೆಚ್ಚಿರುವುದರಿಂದ ಸೋರಿಕೆ ಜೋರು.

ಪ್ರಶ್ನೆ: ಮೋಡದಲ್ಲಿರುವುದು ಆಮ್ಲವಲ್ಲವೆ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಹೌದು, ಗಂಧಕಾಮ್ಲದ ಹನಿಗಳು. ಟೆಫ್ಲಾನ್ ತಡೆಯುತ್ತದೆ, ಪೇಚಾಟವೆಲ್ಲ ಹೊಲಿಗೆ, ಬೆಸುಗೆ, ಸೌರಫಲಕದ ತಂತಿಗಳ ಹತ್ತಿರ. 1985ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ವೆಗಾ 1, ವೆಗಾ 2 ನೌಕೆಗಳು ಬಿಟ್ಟ ಹೀಲಿಯಂ ಬಲೂನುಗಳು 54 ಕಿ.ಮೀ. ಎತ್ತರದಲ್ಲಿ ಸುಮಾರು 46 ಗಂಟೆ ಮಾಹಿತಿ ಕಳಿಸಿದವು. ವ್ಯಾಸ ಬರೀ 3.4 ಮೀಟರ್, ಟೆಫ್ಲಾನ್ ಬಟ್ಟೆ. ಅಂದಹಾಗೆ, ಅದೇ ಆಮ್ಲವನ್ನು ಹಿಡಿದು ಕಾಯಿಸಿ ಒಡೆದರೆ ನೀರು ಸಿಗುತ್ತದೆ.

ಪ್ರಶ್ನೆ: ಶನಿಯಲ್ಲೂ ಹೀಗೆ ತೇಲಬಹುದೆ?
– ಓದುಗರೊಬ್ಬರು, ಯಲಹಂಕ

ಉತ್ತರ: ಕಷ್ಟ. ಅಲ್ಲಿ ಸುತ್ತಲೂ ಇರುವುದೇ ಬಹುಪಾಲು ಹೈಡ್ರೋಜನ್, ಅದಕ್ಕಿಂತ ಹಗುರವಾದ ಅನಿಲವಿಲ್ಲ. ಹೈಡ್ರೋಜನ್ನನ್ನೇ ಸದಾ ಕಾಯಿಸಿ ತೇಲಬೇಕು. ಭೂಮಿಯಷ್ಟೇ ಒತ್ತಡವಿರುವ ಎತ್ತರದಲ್ಲಿ ಚಳಿ ಮೈನಸ್ 139 ಡಿಗ್ರಿ.